ಮಹಾಬಲ ಶೆಟ್ಟರ ಪೈಪಿನ ಹಲ್ಲಿನ ಗುರುತು

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ತಂಬಾಕು ಸೇದುವ ಹಳೆಯ ಪೈಪುಗಳನ್ನು ದುರಸ್ತಿ ಮಾಡುತ್ತಿದ್ದವನು ನಾನೊಬ್ಬನೇ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಬೇರೆ ಯಾರೂ ಇರಲಿಲ್ಲ ಎಂಬುದನ್ನು ವಿಚಾರಿಸಿಯೇ ಬರೆಯುತ್ತಿದ್ದೇನೆ. ಹೀಗಾಗಿ ನಾನು ಅಂಗಡಿ ಮುಚ್ಚಿದ ದಿನ ಇಡೀ ಉದ್ಯೋಗವೇ ನಿವೃತ್ತಿಯಾಯಿತು. ಬೀಳ್ಕೊಡುಗೆಗೆ ಸಹೋದ್ಯೋಗಿಗಳಿರಲಿಲ್ಲ. ಪಕ್ಕದ ಅಂಗಡಿಯ ಟೈಲರ್ ಒಂದು ಶಾಲು ಹೊದೆಸಿದ. ಆಮೇಲೆ ಅಂಚಿನ ಹೊಲಿಗೆ ಸರಿಯಿಲ್ಲವೆಂದು ಅದನ್ನು ವಾಪಸು ಒಯ್ದ. ಇನ್ನೂ ಕೊಟ್ಟಿಲ್ಲ.

ಈಚೆಗೆ ಬೈಂದೂರು ಕಡೆಯ ಯುವತಿಯೊಬ್ಬಳು ಫೋನ್ ಮಾಡಿದ್ದಳು. ಹಳೆಯ ಪೈಪುಗಳನ್ನು ಕೊಂಡು, ಸರಿಮಾಡಿ, ಇಂಟರ್ನೆಟ್ಟಿನಲ್ಲಿ ಮಾರುವ ಆಲೋಚನೆ ಅವಳದು. ಯಂತ್ರಗಳ ಬಗ್ಗೆ, ಪಾಲಿಶ್ ಬಗ್ಗೆ ಕೇಳಿದಳು. ಅವೆಲ್ಲ ಈಗ ವೀಡಿಯೋದಲ್ಲಿ ಸಿಗುತ್ತವೆ. ಸಿಗದೇ ಇರುವುದು ಗಿರಾಕಿಗಳ ವಿಷಯ. ಅವಳಿಗಾಗಿ, ಅವಳಂಥವರು ಇನ್ನೊಬ್ಬರಿದ್ದರೆ ಅವರಿಗಾಗಿ, ಇದನ್ನು ಬರೆದಿಡುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಮುಂಬಯಿಯ ಒಂದು ಸಣ್ಣ ಕನ್ನಡ ಪತ್ರಿಕೆಯ ಸುದ್ದಿಮನೆಯಿಂದ. ನಮ್ಮ ಸುದ್ದಿ ಸಂಪಾದಕರು ಪೈಪ್ ಸೇದುತ್ತಿದ್ದರು. ಯಾವ ವರದಿ ತಂದರೂ ಅವರದು ಎರಡೇ ಪ್ರಶ್ನೆ: "ಯಾರು ಹೇಳಿದ್ದು? ಅವರಿಗೆ ಹೇಗೆ ಗೊತ್ತು?" ಉತ್ತರ ತಡವಾದರೆ ಪೈಪಿನಿಂದ ಮೇಜು ಕುಟ್ಟುತ್ತಿದ್ದರು. ಒಂದು ದಿನ ನಾನು ಬದುಕಿದ್ದ ನಗರಪಾಲಿಕೆ ಸದಸ್ಯರೊಬ್ಬರ ನಿಧನವಾರ್ತೆ ತಂದೆ. ಅಂದು ಪೈಪ್ ಎರಡು ತುಂಡಾಯಿತು. ಅದನ್ನು ಸರಿಮಾಡಿಸಿ ತರುವ ಶಿಕ್ಷೆ ನನಗೇ ಬಂತು. ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಕೂತಿದ್ದ ಪಾರ್ಸಿ ಮುದುಕರು ಅದನ್ನು ಜೋಡಿಸಿಕೊಟ್ಟರು. ಸಂಪಾದಕರ ಸಿಟ್ಟಿನ ದೆಸೆಯಿಂದ ಅಲ್ಲಿಗೆ ಮತ್ತೆ ಮತ್ತೆ ಹೋದೆ. ಪತ್ರಿಕೆ ಮುಚ್ಚಿದಾಗ ನನಗೆ ಗೊತ್ತಿದ್ದ ಇನ್ನೊಂದು ವಿಳಾಸ ಆ ಮೆಟ್ಟಿಲು ಮಾತ್ರ. ಅಲ್ಲೇ ಕೂತು ಕೆಲಸ ಕಲಿತೆ. ಆಮೇಲೆ ಊರಿಗೆ ಬಂದು ಕುಂದಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟೆ.

ಇಲ್ಲಿ ಪೈಪು ಯಾರಲ್ಲಿದೆ ಎಂದು ನಕ್ಕವರೇ ಹೆಚ್ಚು. ಮುಂಬಯಿಯ ಕ್ಲಬ್ಬುಗಳಲ್ಲಿ ದುಡಿದವರ, ಹಡಗಿನಲ್ಲಿದ್ದವರ ಮನೆಗಳಲ್ಲಿ ಅದು ಇತ್ತು. ಶೋಕೇಸಿನಲ್ಲಿ, ಗೊಂಬೆಯ ಪಕ್ಕದಲ್ಲಿ. ಸೇದುವವರು ಕಡಿಮೆ. ಆದರೆ ಒಡೆಯಲು ಸೇದಬೇಕೆಂದೇನಿಲ್ಲ.

ಪಾರ್ಸಿ ಗುರುಗಳ ವಿಧಾನಗಳು ಇಲ್ಲಿಗೆ ಒಗ್ಗಲಿಲ್ಲ. ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲನ್ನು ಹೊಸದಾಗಿ ಕೆರೆದ ಮೇಲೆ ಅದರ ಒಳಮೈಗೆ ಜೇನು ಮತ್ತು ಬೂದಿ ಕಲಸಿ ಹಚ್ಚಿ ಒಣಗಿಸಬೇಕೆಂಬುದು ಅವರ ಪಾಠ. ನಾನು ಜೇನಿನ ಬದಲು ಪಾಕದಂತಿರುವ ಜೋನಿ ಬೆಲ್ಲ ಹಚ್ಚಿದೆ. ಬೆಳಿಗ್ಗೆ ನೋಡಿದರೆ ಇರುವೆಗಳು ಬೆಲ್ಲವನ್ನೆಲ್ಲ ಹೊತ್ತು ಬೂದಿಯನ್ನು ಬಿಟ್ಟುಹೋಗಿದ್ದವು. ಬೂದಿ ಕೊಡವಿದ ಮೇಲೆ ಕಂಡ ಬಟ್ಟಲನ್ನು ನಾನೆಂದೂ ಅಷ್ಟು ಸ್ವಚ್ಛ ಮಾಡಿರಲಿಲ್ಲ. ಕೆಲವು ಕಾಲ ಇರುವೆಗಳನ್ನೇ ಕೆಲಸಕ್ಕೆ ಇಟ್ಟುಕೊಂಡಿದ್ದೆ.

ಮಳೆಗಾಲದ ಎಚ್ಚರಿಕೆ: ಪೈಪಿನ ಬಟ್ಟಲು ಬ್ರಯರ್ ಎಂಬ ಗಿಡದ ಬೇರುಗಂಟಿನಿಂದ ಮಾಡಿದ್ದು. ನಮ್ಮ ಮಳೆಗೆ ಅದು ಉಬ್ಬುತ್ತದೆ. ಬಾಯಿಗೆ ಇಡುವ ಕಪ್ಪು ಕೊಳವೆಯನ್ನು ನಾವು ಕಡ್ಡಿ ಎನ್ನುತ್ತೇವೆ. ಬಟ್ಟಲು ಉಬ್ಬಿದಾಗ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಎಳೆದರೆ ಮುರಿಯುತ್ತದೆ. ಫ್ರಿಜ್ಜಿನ ಐಸಿನ ಖಾನೆಯಲ್ಲಿ ಒಂದಿಷ್ಟು ಹೊತ್ತು ಇಟ್ಟರೆ ಕುಗ್ಗಿ ಸಡಿಲವಾಗುತ್ತದೆ. ಸಾಲಿಗ್ರಾಮದ ಕಡೆಯ, ಮೀನು ಮುಟ್ಟದ ಮನೆಯ ನಿವೃತ್ತ ಮೇಷ್ಟ್ರೊಬ್ಬರ ಪೈಪನ್ನು ಹಾಗೆ ಇಟ್ಟಿದ್ದೆ. ಅದರ ಪಕ್ಕದಲ್ಲಿ ನನ್ನ ಹೆಂಡತಿ ಬಂಗುಡೆ ಮೀನು ಇಟ್ಟಿದ್ದಾಳೆಂದು ಗೊತ್ತಿರಲಿಲ್ಲ. ಮೇಷ್ಟ್ರು ಪೈಪ್ ಒಯ್ದು ಒಂದು ವಾರಕ್ಕೆ ಬಂದರು. ನಾನು ಕ್ಷಮೆಯ ಮಾತು ಹುಡುಕುತ್ತಿದ್ದೆ.

"ವಾಸುದೇವ್ರೆ, ಈ ಸಲ ಎಂತ ಹಾಕಿದ್ರಿ ಮಾರಾಯ್ರೆ?" ಎಂದರು. "ಹೊಗೆಗೆ ಒಂದ್ ಭಾರೀ ರುಚಿ ಬಂದಿತ್ತ್. ಮೊದ್ಲ್ ಹಾಂಗಿರ್ಲಿಲ್ಲೆ."

"ಹಳೇ ವಿಧಾನ," ಎಂದೆ.

"ಅದನ್ನೇ ಮಾಡಿ. ಬಿಡ್ಬೇಡಿ."

ಬ್ರಹ್ಮಾವರದಿಂದ ಬರುತ್ತಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರದು ಬೇರೆ ಕಥೆ. ಅವರು ಸೇದುವವರಲ್ಲ. ಯೋಚನೆ ಮಾಡುವಾಗ ಬಾಯಲ್ಲಿ ಪೈಪ್ ಇರಬೇಕು, ಅಷ್ಟೇ. ಮೊಮ್ಮಕ್ಕಳು ತಪ್ಪು ತಿಳಿಯಬಾರದೆಂದು ತೂತನ್ನು ಪೂರ್ತಿ ಮುಚ್ಚಿಸಿಕೊಂಡು ಹೋದರು. ಮುಂದಿನ ಮಳೆಗಾಲದಲ್ಲಿ ಬಂದು, ಗಾಳಿಯೇ ಬರುವುದಿಲ್ಲ, ಯೋಚನೆ ಸಾಗುತ್ತಿಲ್ಲ ಎಂದು ದೂರಿದರು. ತೂತು ಮತ್ತೆ ಕೊರೆದುಕೊಟ್ಟೆ. ಗಿರಾಕಿ ಕೇಳಿದ್ದನ್ನು ಮಾಡಬೇಕು. ಅವನು ಅದರ ವಿರುದ್ಧವನ್ನು ಕೇಳಿದಾಗ ಅದನ್ನೂ ಮಾಡಬೇಕು.

ಇನ್ನು ಬಸ್ರೂರಿನ ವಿಷಯ. ಈ ಕೆಲಸದಲ್ಲಿ ನಾನು ಕಂಡ ಅತಿ ಕಷ್ಟದ ದುರಸ್ತಿ ಅದು.

ಕರುಣಾಕರ ಶೆಟ್ಟರು ಮುಂಬಯಿಯಲ್ಲಿ ಹೋಟೆಲ್ ನಡೆಸುವವರು. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆ ಬಡಿಸುವ ದಿನಕ್ಕೆ ಹೆಂಡತಿ ಸುಜಾತಾ ಜೊತೆ ಬಸ್ರೂರಿನ ಮನೆಗೆ ಬರುತ್ತಿದ್ದರು. ಮನೆಯಲ್ಲಿದ್ದದ್ದು ತಾಯಿ ಗುಲಾಬಿ ಅಮ್ಮ ಮತ್ತು ಒಂದಿಷ್ಟು ಹತ್ತಿರದ ನೆಂಟರು. ಒಂದು ಬೆಳಿಗ್ಗೆ ಕರುಣಾಕರ ಶೆಟ್ಟರು ಪೈಪನ್ನು ಟವೆಲಿನಲ್ಲಿ ಮಗುವಿನ ಹಾಗೆ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. ಹಿಂದೆ ಸುಜಾತಾ.

"ಹ್ವಾಯ್ ವಾಸಣ್ಣ, ಇದ್ರ್ಯಾ? ಅಪ್ಪಯ್ಯನ ಪೈಪ್ ನೆಟ್ಟಗಾಯ್ತ್ ಮಾರಾಯ್ರೆ."

"ನೆಟ್ಟಗಾಪುದ್ ಒಳ್ಳೇದಲ್ದಾ?"

"ಅದ್ ಸೊಟ್ಟ ಇಪ್ಪುದೇ ಸಮ. ಎಲ್ರ್ ಕಣ್ಣೆದ್ರಿಗೇ ನೆಟ್ಟಗಾಯ್ತ್. ಅಪ್ಪಯ್ಯಂಗೆ ಸಿಟ್ಟ್ ಬಂದಿತ್ತ್."

ವಿಷಯ ಹೀಗೆ. ಅವರ ತಂದೆ ಮಹಾಬಲ ಶೆಟ್ಟರು ಮುಂಬಯಿಯ ಕ್ಲಬ್ಬೊಂದರಲ್ಲಿ ಸ್ಟುವರ್ಡ್ ಆಗಿದ್ದು, ಬಾಗಿದ ಕಡ್ಡಿಯ ಪೈಪ್ ಸೇದುತ್ತಿದ್ದರು. ಅವರು ತೀರಿಕೊಂಡ ಮೇಲೆ ಪ್ರತಿವರ್ಷ ಎಡೆಯಲ್ಲಿ ಕೋಳಿ ಸಾರು, ಕಡುಬಿನ ಪಕ್ಕ ಆ ಪೈಪಿಗೆ ತಂಬಾಕು ತುಂಬಿ, ಹೊತ್ತಿಸಿ ಇಡುವ ಕ್ರಮ. ಬಡಿಸುವುದು ಗುಲಾಬಿ ಅಮ್ಮ. ಗಂಡನಿಗೆ ಹೆಂಡತಿ ಇರುವಷ್ಟು ಕಾಲ ಬೇರೆಯವರು ಬಡಿಸುವಂತಿಲ್ಲ. ಬಡಿಸಿ, ಬಾಗಿಲು ಎಳೆದುಕೊಂಡು, ಗಾಳಿ ಬೀಸಲು ಅವರೊಬ್ಬರೇ ಒಳಗೆ ಕೂರುತ್ತಾರೆ. ಉಳಿದವರು ಹೊರಗೆ ಕಾಯುತ್ತಾರೆ. ಬಾಗಿಲು ತೆರೆದಾಗ ಅನ್ನ ಹಾಗೇ ಇರುತ್ತದೆ. ಪೈಪಿನ ತಂಬಾಕು ಮಾತ್ರ ತಳದವರೆಗೆ ಉರಿದು ಬೂದಿಯಾಗಿರುತ್ತದೆ.

"ಪ್ರತೀ ವರ್ಷ?" ಎಂದು ಕೇಳಿದೆ.

"ಪ್ರತೀ ವರ್ಷ. ಒಂದ್ ಚೂರೂ ಉಳುದಿಲ್ಲೆ."

ಸೇದದೆ ಬಿಟ್ಟ ಪೈಪ್ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಆರಿಹೋಗುತ್ತದೆ. ಎಳೆಯುವ ಉಸಿರಿಲ್ಲದೆ ತಳದವರೆಗೆ ಉರಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ನನ್ನನ್ನು ಕೇಳಿದ್ದು ಕಡ್ಡಿಯ ವಿಷಯ. ಕೇಳದ ಪ್ರಶ್ನೆಗೆ ಉತ್ತರ ಬರೆಯುವ ಅಭ್ಯಾಸ ನನಗೆ ಸುದ್ದಿಮನೆಯಲ್ಲೇ ಬಿಟ್ಟುಹೋಗಿತ್ತು.

ಆ ಸಲ ಎಡೆಗೆ ಮೊದಲು ಸುಜಾತಾ ಪೈಪನ್ನು ಶುಚಿ ಮಾಡಹೊರಟು ಕಡ್ಡಿಯನ್ನು ಕುದಿಯುವ ನೀರಿಗೆ ಹಾಕಿದ್ದರು. ನೆಂಟರೆಲ್ಲ ನೋಡುತ್ತಿದ್ದಂತೆ ಅದು ಪಾತ್ರೆಯೊಳಗೆ ನಿಧಾನವಾಗಿ ಮೈ ಮುರಿದು ನೆಟ್ಟಗಾಯಿತು.

"ನಾ ಎಂತ ಮಾಡ್ದೆ ವಾಸಣ್ಣ?" ಎಂದರು ಸುಜಾತಾ. "ಸಾಫ್ ಮಾಡುವ ಅಂದ್ಕಂಡ್ ಬಿಸಿ ನೀರಿಗ್ ಹಾಕ್ದೆ. ಈಗ ಮನೆಯಂಗೆ ಎಲ್ರೂ ನನ್ ಮೋರೆನೇ ಕಾಂತ್ರ್. ಮಾವನ್ನ ಬೇಯ್ಸಿದಂಗೆ."

ಬಾಯಿಕಡ್ಡಿ ಗಟ್ಟಿ ರಬ್ಬರಿನದು ಎಂದು ವಿವರಿಸಿದೆ. ಕಾರ್ಖಾನೆಯಲ್ಲಿ ನೆಟ್ಟಗೆ ಮಾಡಿ, ಆಮೇಲೆ ಬಿಸಿಮಾಡಿ ಬಾಗಿಸುತ್ತಾರೆ. ಮತ್ತೆ ಬಿಸಿ ತಗುಲಿದರೆ ಅದು ಹಿಂದಿನ ಆಕಾರಕ್ಕೆ ಹೋಗುತ್ತದೆ, ರಬ್ಬರಿಗೆ ಆ ನೆನಪು ಇರುತ್ತದೆ ಎಂದೆ.

"ರಬ್ಬರಿಗ್ ನೆನ್ಪ್ ಇತ್ತಂಬ್ರಾ?" ಎಂದರು ಕರುಣಾಕರ ಶೆಟ್ಟರು. "ಹಾಂಗಾರೆ ನಮ್ಮ್ ಅಪ್ಪಯ್ಯಂಗೆ ಇಪ್ಪುದಿಲ್ಯಾ?"

ನಾನು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದೆ.

ಬಾಗಿಸುವುದು ಸುಲಭ. ಕಷ್ಟ ಬೇರೆಯಿತ್ತು. ಕಡ್ಡಿಯ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವಂತೆ. ಬಿಸಿಗೆ ಅವೂ ಉಬ್ಬಿ ಮಾಯವಾಗಿದ್ದವು. ಗುಲಾಬಿ ಅಮ್ಮ ಕಡ್ಡಿಯನ್ನು ಬೆರಳಿನಿಂದ ಸವರಿ ನೋಡಿ, ಪೈಪ್ ಮೊದಲಿನ ಹಾಗೆ ಆಗದಿದ್ದರೆ ಎಡೆ ಬಡಿಸುವುದಿಲ್ಲ ಎಂದುಬಿಟ್ಟಿದ್ದರು. ಅವರು ಬಡಿಸದಿದ್ದರೆ ಬೇರೆ ಯಾರೂ ಬಡಿಸುವಂತಿಲ್ಲ. ಮಹಾಬಲ ಶೆಟ್ಟರು ಆ ವರ್ಷ ಉಪವಾಸ. ಸತ್ತವರನ್ನು ಹಸಿದಿರಿಸಿ ಮುಂಬಯಿಗೆ ಮರಳಲು ಮಗನಿಗೆ ಧೈರ್ಯವಿಲ್ಲ. ಸೊಸೆಗಂತೂ ಆ ಮನೆಯಲ್ಲಿ ತಲೆಯೆತ್ತುವ ಹಾಗಿರಲಿಲ್ಲ. ಎಡೆಯ ದಿನ ಹತ್ತಿರದಲ್ಲೇ ಇತ್ತು.

ಕರುಣಾಕರ ಶೆಟ್ಟರು ಇನ್ನೊಂದು ಷರತ್ತನ್ನೂ ಹಾಕಿದರು.

"ನೀವ್ ಬಾಯಿಗ್ ಹಾಕುಕಾಗ. ಎಂಜಲಾತ್ತ್. ಎಂಜಲ್ ಮಾಡಿದ್ದನ್ನ ಎಡೆಗಿಡುಕಾತಿಲ್ಲೆ."

ದುರಸ್ತಿಯಾದ ಪೈಪನ್ನು ಹೊತ್ತಿಸಿ ಎರಡು ದಮ್ಮು ಎಳೆದು ನೋಡದೆ ಗಿರಾಕಿಗೆ ಕೊಡಬಾರದು. ಎಳೆತ ಬಿಗಿಯಾಗಿದೆಯೇ, ಒಳಗೆ ನೀರು ಕಟ್ಟಿ ಗೊರಗೊರ ಎನ್ನುತ್ತದೆಯೇ ಎಂಬುದು ಬಾಯಿಗೆ ಮಾತ್ರ ತಿಳಿಯುತ್ತದೆ. ಇದು ಗುರುಗಳ ಮೊದಲ ಪಾಠ. ಹುಟ್ಟಿನಿಂದಲೇ ಎಂಜಲಿನ ವಸ್ತುವಾದ ಪೈಪನ್ನು ಎಂಜಲು ಮಾಡದೆ ಪರೀಕ್ಷಿಸಬೇಕಾದ ಸಂದರ್ಭ ಅವರಿಗೆ ಬಂದಿರಲಾರದು. ನಾನು ಸೈಕಲ್ ಪಂಪ್ ತಂದು ಬಟ್ಟಲಿಗೆ ಗಾಳಿ ಹೊಡೆದೆ. ಗಾಳಿ ಆಚೆ ಬಂತು. ಅದಕ್ಕಿಂತ ಹೆಚ್ಚೇನೂ ಅದರಿಂದ ತಿಳಿಯುವುದಿಲ್ಲ.

ಗುರುತು ಎಲ್ಲಿತ್ತು ಎಂಬುದನ್ನು ವಿಚಾರಿಸಿದೆ. ಕರುಣಾಕರ ಶೆಟ್ಟರು ಬಲಗಡೆ ಎಂದರು. ಸುಜಾತಾ ಎಡಗಡೆ ಎಂದರು. ಬಸ್ರೂರಿಗೆ ಹೋಗಿ ನೆಂಟರನ್ನು ಕೇಳಿದರೆ ಒಬ್ಬರು ಎರಡೂ ಕಡೆ ಎಂದರು, ಇನ್ನೊಬ್ಬರು ಮಹಾಬಲ ಶೆಟ್ಟರು ಕಚ್ಚುತ್ತಲೇ ಇರಲಿಲ್ಲ, ತುಟಿಯಲ್ಲಿ ಹಿಡಿಯುತ್ತಿದ್ದರು ಎಂದರು. ಗೋಡೆಯ ಫೋಟೋದಲ್ಲಿ ಪೈಪ್ ಬಾಯಿಯ ಬಲಗಡೆ ಇತ್ತು. ಗುಲಾಬಿ ಅಮ್ಮನನ್ನು ಕೇಳುತ್ತೇನೆ ಎಂದಾಗ ಎಲ್ಲರೂ ತಡೆದರು. ಅಮ್ಮನಿಗೆ ಬೇಸರ ಮಾಡಬೇಡಿ ಎಂದರು. ಸಂಬಂಧಪಟ್ಟವರೊಬ್ಬರನ್ನು ಬಿಟ್ಟು ಊರೆಲ್ಲ ವಿಚಾರಿಸಿ ಬರೆದ ವರದಿಗಳನ್ನು ನಮ್ಮ ಸಂಪಾದಕರು ಏನು ಮಾಡುತ್ತಿದ್ದರೆಂದು ನೆನಪಾಯಿತು. ಆದರೂ ಕೇಳದೆ ಅಂಗಡಿಗೆ ಮರಳಿದೆ.

ಮರುದಿನ ಕರುಣಾಕರ ಶೆಟ್ಟರು ಬಹಳ ಹುರುಪಿನಲ್ಲಿ ಬಂದರು. ಕೈಯಲ್ಲಿ ಸಣ್ಣ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ, ಅರಿಶಿನ ಹಚ್ಚಿದ ಬಟ್ಟೆಯ ಮೇಲೆ, ಹಲ್ಲಿನ ಸೆಟ್ಟು. ಮೇಲಿನದು ಮತ್ತು ಕೆಳಗಿನದು.

"ಅಪ್ಪಯ್ಯನದ್ದೇ," ಎಂದರು. "ಬಿಸಿ ಮಾಡಿ ಇದ್ರಂಗೆ ಕಚ್ಚ್ಸಿ ಬಿಡಿ. ಎಂಜಲಾಪುದಾದ್ರೂ ಅವ್ರದ್ದೇ ಎಂಜಲ್ ಅಲ್ದಾ?"

ತರ್ಕದಲ್ಲಿ ದೋಷವಿರಲಿಲ್ಲ. ನಾನು ಕಡ್ಡಿಯನ್ನು ಬಿಸಿ ನೀರಿನಲ್ಲಿ ಮೆದು ಮಾಡಿ ಬಾಗಿಸಿದೆ. ತುದಿಯನ್ನು ಹಲ್ಲಿನ ಸೆಟ್ಟುಗಳ ನಡುವೆ ಇಟ್ಟು, ಮರ ಬಿಗಿಹಿಡಿಯುವ ಬಡಗಿಯ ವೈಸಿನಲ್ಲಿ ಸಿಕ್ಕಿಸಿ ಅದರ ತಿರುಪನ್ನು ನಿಧಾನವಾಗಿ ತಿರುಗಿಸಿದೆ. ತೀರಿಹೋದ ಮನುಷ್ಯರೊಬ್ಬರು ನನ್ನ ಮೇಜಿನ ಮೇಲೆ ಪೈಪ್ ಕಚ್ಚಿಕೊಂಡು ಕೂತ ಹಾಗೆ ಕಾಣುತ್ತಿತ್ತು. ಪಕ್ಕದ ಟೈಲರ್ ಸೂಜಿ ಕೇಳಲು ಬಂದವನು ಅದನ್ನು ನೋಡಿ ಕೇಳದೆಯೇ ಹೋದ. ಕರುಣಾಕರ ಶೆಟ್ಟರು ಚಪ್ಪಲಿ ಬಿಟ್ಟು ನಿಂತಿದ್ದರು.

ಗುರುತು ಅಚ್ಚುಕಟ್ಟಾಗಿ ಬಿತ್ತು. ಸೀರೆಯ ಅಂಚಿನ ಹಾಗೆ ಒಂದು ಸಾಲು.

ಅವರ ಜೊತೆ ನಾನೂ ಬಸ್ರೂರಿಗೆ ಹೋದೆ. ಗುಲಾಬಿ ಅಮ್ಮ ಜಗಲಿಯಲ್ಲಿ ಕೂತು ಹುರುಳಿ ಆರಿಸುತ್ತಿದ್ದರು. ಕಣ್ಣು ಮಂಜಾಗಿತ್ತು, ಕೈ ಚುರುಕಾಗಿತ್ತು. ಪೈಪ್ ತೆಗೆದುಕೊಂಡು ಕಡ್ಡಿಯ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು. ಮನೆಯವರೆಲ್ಲ ಸುತ್ತ ನಿಂತಿದ್ದರು.

"ಇದಲ್ಲ," ಎಂದರು.

"ಅಮ್ಮಾ, ಅಪ್ಪಯ್ಯನ ಹಲ್ಲಿಂದ್ಲೇ ಮಾಡ್ಸಿದ್ದ್!" ಎಂದರು ಮಗ.

"ಯಾರ್ ಹಲ್ಲಾರೂ ಆಯ್ಲಿ. ಇದಲ್ಲ ಅಂದ್ರೆ ಅಲ್ಲ."

"ಅಪ್ಪಯ್ಯನ ಹಲ್ಲೇ ಅಲ್ಲ ಅಂದ್ರೆ ನಾ ಇನ್ನ್ ಯಾರ್ ಹಲ್ಲ್ ತಪ್ಪುದ್?"

ಸುಜಾತಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ನೆಂಟರಲ್ಲೊಬ್ಬರು, ಮೈಮೇಲೆ ದೈವ ಬರುವ ದರ್ಶನದ ಪಾತ್ರಿಯನ್ನು ಕರೆಸಿ ಅಪ್ಪಣೆ ಕೇಳುವುದೇ ಸರಿ ಎಂದರು. ಆಗ ನಾನು, ಬಂದ ದಿನವೇ ಕೇಳಬೇಕಾಗಿದ್ದನ್ನು ಕೇಳಿದೆ.

"ಅಮ್ಮಾ, ಗುರ್ತ್ ಎಲ್ಲಿತ್ತ್? ನೀವೇ ಹೇಳಿ ಕಾಂಬ."

ಅವರು ನನ್ನ ಕಡೆ ಮುಖ ತಿರುಗಿಸಿದರು. ಹುರುಳಿಯ ಮೊರವನ್ನು ಪಕ್ಕಕ್ಕೆ ಸರಿಸಿದರು.

"ಕರ್ಣಾ, ನೀ ಹೋಯ್ ಒಂದ್ ಬೊಂಡ ಕೆತ್ತ್. ಇವ್ರಿಗ್ ಬಾಯಾರಿತ್ತ್. ನೀವೂ ಎಲ್ಲ ಹೋಯ್ನಿ. ಸುಜಾತಾ, ಒಂದ್ ಪಾತ್ರೆ ಬಿಸಿ ನೀರ್ ಇಟ್ಟ್, ಬಾಗ್ಲ್ ಎಳ್ಕ."

ಸುಜಾತಾ ಬಿಸಿ ನೀರು ತಂದಿಟ್ಟ ಮೇಲೆ ಎಲ್ಲರೂ ಹೋದರು. ಗುಲಾಬಿ ಅಮ್ಮ ಬಾಗಿಲ ಕಡೆ ಕಿವಿಗೊಟ್ಟು, ಸದ್ದಿಲ್ಲವೆಂದು ಖಚಿತ ಮಾಡಿಕೊಂಡರು.

"ಮಗಾ, ಇದನ್ನ ಮೆತ್ತಗ್ ಮಾಡುಕಾತ್ತಾ?"

ನಾನು ಕಡ್ಡಿಯ ತುದಿಯನ್ನಷ್ಟೇ ಬಿಸಿ ನೀರಿನಲ್ಲಿ ಅದ್ದಿದೆ. ಹಲ್ಲಿನ ಸೆಟ್ಟಿನ ಸಾಲು ಕರಗಿಹೋಯಿತು. ಒರೆಸಿ ಕೊಟ್ಟೆ. ಅವರು ಅದನ್ನು ಬಾಯಿಯ ಎಡಮೂಲೆಗೆ ಇಟ್ಟುಕೊಂಡರು. ಅಲ್ಲಿ ಮೇಲೊಂದು, ಕೆಳಗೊಂದು ಹಲ್ಲು ಉಳಿದಿತ್ತು. ಕಣ್ಣು ಮುಚ್ಚಿ ಒಮ್ಮೆ ಕಚ್ಚಿದರು. ತೆಗೆದು, ಸೆರಗಿನಿಂದ ಒರೆಸಿ, ಹೆಬ್ಬೆರಳಿನಿಂದ ಸವರಿ ನೋಡಿ ನನ್ನ ಕೈಗೆ ಕೊಟ್ಟರು.

"ಹೀಂಗೆ. ಇಲ್ದಿದ್ರೆ ಬಾಯಂಗೆ ನಿಲ್ಲುದಿಲ್ಲೆ, ಜಾರತ್ತ್."

ನಾನು ಕಡ್ಡಿಯನ್ನು ತಣ್ಣೀರಿಗೆ ಅದ್ದಿ ಗುರುತನ್ನು ಗಟ್ಟಿ ಮಾಡಿದೆ. ಹುರುಳಿಯ ಮೊರವನ್ನು ಮತ್ತೆ ಎಳೆದುಕೊಳ್ಳುತ್ತ ಅವರೇ ಹೇಳಿದರು.

"ಅವ್ರ್ ಬದ್ಕಿಪ್ಪತಿಗೆ ದಿನಾ ತುಂಬ್ಸಿ ಕೊಡುದ್ ನಾನ್. ಒಂದ್ ದಮ್ಮ್ ಕೊಡಿ ಕಾಂಬ ಅಂದ್ರೆ, ಹೆಂಗ್ಸ್ರ್ ಎಳುದಲ್ಲ ಅಂಬ್ರ್. ಈಗ ವರ್ಷಕ್ಕೊಂದ್ಸಲ ಬಾಗ್ಲ್ ಹಾಕಂಡ್ ಇಬ್ರೂ ಕೂಕಂತೊ. ಬೇಡ ಅಂದದ್ದ್ ನಂಗೇನ್ ಕೇಣ್ಲಿಲ್ಲೆ."

ಎಳನೀರಿನ ಬೊಂಡ ಬಂತು. ಕರುಣಾಕರ ಶೆಟ್ಟರ ಮುಂದೆ ಗುಲಾಬಿ ಅಮ್ಮ ಕಡ್ಡಿಯನ್ನು ಇನ್ನೊಮ್ಮೆ ಸವರಿ ನೋಡಿ, ಈಗ ಸಮ ಆಯಿತು, ಬಡಿಸುತ್ತೇನೆ ಎಂದರು. ಸೊಸೆಯನ್ನು ಕರೆದು, ಎಡೆಗೆ ಕಡುಬು ನೀನೇ ಮಾಡು ಎಂದರು. ಸುಜಾತಾ ಅಳುತ್ತಲೇ ಅಕ್ಕಿ ನೆನೆಸಲು ಹೋದರು. ಮಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು.

"ಎಂತ ಮಾಡಿದ್ರಿ ವಾಸಣ್ಣ?"

"ಒಂದ್ ಹಲ್ಲ್ ಹೆಚ್ಚಾಗಿತ್ತ್," ಎಂದೆ. "ತೆಗ್ದೆ."

ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ. ಎಲ್ಲ ಗಿರಾಕಿಗಳೂ ಸಂಪಾದಕರಲ್ಲ. ಗುಲಾಬಿ ಅಮ್ಮನೂ ಈಗಿಲ್ಲ, ಬಸ್ರೂರಿನ ಆ ಮನೆಯೂ ಕೈ ಬದಲಾಗಿದೆ, ಕರುಣಾಕರ ಶೆಟ್ಟರ ಹೆಸರೂ ನಿಜವಾದದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಡೆಯ ದಿನ ನನ್ನನ್ನೂ ಕರೆದಿದ್ದರು. ಕುಡಿಬಾಳೆಯ ಎಲೆಯ ಮೇಲೆ ಎಲ್ಲ ಬಡಿಸಿದ ಮೇಲೆ ಗುಲಾಬಿ ಅಮ್ಮ ಒಳಗಿನಿಂದ ಬಾಗಿಲು ಎಳೆದುಕೊಂಡರು. ನಾವೆಲ್ಲ ಜಗಲಿಯಲ್ಲಿ ಸದ್ದು ಮಾಡದೆ ನಿಂತೆವು. ಉಳಿದವರು ಹಿರಿಯರ ಧ್ಯಾನದಲ್ಲಿದ್ದರು. ನನ್ನ ಚಿಂತೆ ಬೇರೆ. ಬಾಯಿಯಿಟ್ಟು ನೋಡದೆ ನಾನು ಕೊಟ್ಟ ಪೈಪ್ ಅದೊಂದೇ. ಬಾಗಿಸಿದ ಜಾಗದಲ್ಲಿ ಒಳದಾರಿ ಕಿರಿದಾಗಿದ್ದರೆ ಎಳೆತ ಬಿಗಿಯಾಗುತ್ತದೆ, ನೀರು ಕಟ್ಟುತ್ತದೆ. ಬಾಗಿಲಿಗೆ ಹತ್ತಿರ ನಿಂತು ಗೊರಗೊರ ಸದ್ದಿಗಾಗಿ ಕಿವಿಗೊಟ್ಟೆ.

ಬಾಗಿಲ ಸಂದಿಯಿಂದ ಹೊಗೆ ಬಂತು. ತೆಳ್ಳಗೆ, ಸಮನಾಗಿ, ನಡುವೆ ಸರಿಯಾದಷ್ಟು ಬಿಡುವು ಕೊಟ್ಟು. ಆಮೇಲೆ ಒಳಗಿನಿಂದ ಒಂದು ಕೆಮ್ಮು ಕೇಳಿತು.

"ಅಪ್ಪಯ್ಯ ಬಂದ್ರ್," ಎಂದು ಕರುಣಾಕರ ಶೆಟ್ಟರು ಕೈಮುಗಿದರು. ಸುಜಾತಾ ಮುಗಿದರು. ನೆಂಟರೆಲ್ಲ ಮುಗಿದರು.

ಗೊರಗೊರ ಸದ್ದು ಇರಲಿಲ್ಲ. ನಾನೂ ಕೈಮುಗಿದೆ.